ಪೊರಕೆ ಹಿಡಿದ ವಿದ್ಯಾರ್ಥಿಗಳು

ಉದ್ಯಾನದ ಕಸ ಗುಡಿಸುವುದಕ್ಕೂ ಒಂದು ಚರಿತ್ರೆಯುಂಟೆಂದರೆ ವಾಚಕರು ನಕ್ಕಾರು. ಮಾಗಡಿಗೆ ಕೆಂಪೇಗೌಡರ ಚರಿತ್ರೆಯಿದೆ, ಚನ್ನಪಟ್ಟಣಕ್ಕೆ ಬೊಂಬೆಗಳದ್ದಿದೆ, ಅದು ಸರಿ. ಆದರೆ ಭಾನುವಾರ ಬೆಳಿಗ್ಗೆ ಕಾಲೇಜಿನ ಹುಡುಗ ಹುಡುಗಿಯರು ಪೊರಕೆ, ಮಂಕರಿ, ಕುಡುಗೋಲುಗಳೊಡನೆ ಬಡಾವಣೆಯ ಪಾರ್ಕಿಗೆ ಬಂದು, ಪಾರ್ಥೇನಿಯಂ ಕಿತ್ತು, ಕಡಲೆಕಾಯಿ ಸಿಪ್ಪೆ, ಪ್ಲಾಸ್ಟಿಕ್ ಚೀಲ, ಶೀಷೆಯ ಚೂರುಗಳನ್ನು ಗುಡ್ಡೆ ಹಾಕಿ, ಫೋಟೋ ತೆಗೆಸಿಕೊಂಡು, ಉಪ್ಪಿಟ್ಟು ತಿಂದು ಮನೆಗೆ ಹೋಗುವುದರಲ್ಲಿ ಚರಿತ್ರೆ ಎಲ್ಲಿಂದ ಬರಬೇಕು? ಬಂದಿದೆ. ಆ ಪೊರಕೆ ವಿದ್ಯಾರ್ಥಿಯ ಕೈಗೆ ಸೇರಬೇಕಾದರೆ ಸ್ವತಂತ್ರ ಭಾರತದಲ್ಲಿ ಸುಮಾರು ಇಪ್ಪತ್ತು ವರ್ಷಗಳ ಚರ್ಚೆ ನಡೆಯಿತು. ಅದಕ್ಕೂ ಹಿಂದಿನ ಕಥೆಯ ಒಂದು ಎಳೆ ನಮ್ಮ ರಾಮನಗರದಲ್ಲಿಯೇ ಇದೆ.

ಈ ಊರಿಗೆ ಹೆಸರು ಬದಲಾಯಿಸುವುದು ಹೊಸದಲ್ಲ. ಟಿಪ್ಪುವಿನ ಕಾಲಕ್ಕೆ ಶಂಸೇರಾಬಾದ್, 1800ರ ಸುಮಾರಿಗೆ ದಿವಾನ್ ಪೂರ್ಣಯ್ಯನವರು ಪೇಟೆ ಕಟ್ಟಿಸಿ ರೆಸಿಡೆಂಟ್ ಬ್ಯಾರಿ ಕ್ಲೋಸ್‌ನ ಹೆಸರಿಟ್ಟದ್ದರಿಂದ ಕ್ಲೋಸ್‌ಪೇಟೆ, ಅನಂತರ ರಾಮನಗರ. 2007ರಲ್ಲಿ ಜಿಲ್ಲಾ ಕೇಂದ್ರವಾಯಿತು. 2025ರಲ್ಲಿ ಆ ಜಿಲ್ಲೆಗೇ ಬೆಂಗಳೂರು ದಕ್ಷಿಣವೆಂದು ನಾಮಕರಣವಾಯಿತು. ಇಷ್ಟು ಹೆಸರು ಕಂಡ ಊರು ಮೈಸೂರು ಸಂಸ್ಥಾನದ ವೈದ್ಯಕೀಯ ಚರಿತ್ರೆಯಲ್ಲಿ ಕ್ಲೋಸ್‌ಪೇಟೆಯೆಂದೇ ನಿಂತಿದೆ. ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಸಂಸ್ಥಾನದವರು 1929ರಲ್ಲಿ ಮಂಡ್ಯದಲ್ಲಿ ಒಂದು ಆರೋಗ್ಯ ಘಟಕವನ್ನು ತೆರೆದರು. ಮುಂದೆ 1930ರ ದಶಕದಲ್ಲಿ ಅಂಥದೇ ಘಟಕ ಕ್ಲೋಸ್‌ಪೇಟೆಗೂ ಬಂದು, ಆರೋಗ್ಯ ಕಾರ್ಯಕರ್ತರ ತರಬೇತಿ ಕೇಂದ್ರವಾಯಿತು. ರೋಗಿ ಆಸ್ಪತ್ರೆಯ ಬಾಗಿಲಿಗೆ ಬರುವವರೆಗೆ ಕಾಯದೆ, ರೋಗ ಹುಟ್ಟುವ ಜಾಗಕ್ಕೇ ಹೋಗಬೇಕೆಂಬುದು ಅದರ ತತ್ತ್ವ. ನಿಂತ ನೀರು, ಹಿತ್ತಲ ತಿಪ್ಪೆ, ಕಟ್ಟೆಯಿಲ್ಲದ ಬಾವಿ, ಇಲ್ಲದ ಕಕ್ಕಸು, ಇವೇ ಅಲ್ಲಿಯ ಪಠ್ಯ. ಕಸವನ್ನು ಓದಿನ ವಿಷಯವನ್ನಾಗಿ ಮಾಡಿದ ಪಾಠಶಾಲೆಯೊಂದು ಈ ಊರಿನಲ್ಲಿ ಆಗಲೇ ಇತ್ತು ಎಂದಾಯಿತು.

ಆದರೆ ಆ ಕೇಂದ್ರದಲ್ಲಿ ಕಲಿತವರದು ಸಂಬಳದ ಕೆಲಸ. ಊರ ಕೆಲಸವನ್ನು ಊರವರೇ ಮಾಡಿಕೊಳ್ಳುವ ಏರ್ಪಾಟು ಬೇರೆಯಾಗಿಯೇ ನಡೆದಿತ್ತು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, ಅಂದರೆ 1912ರಿಂದ 1918ರ ನಡುವೆ, ಆರಂಭವಾದ ಗ್ರಾಮಾಭಿವೃದ್ಧಿ ಯೋಜನೆಯಲ್ಲಿ ಹಳ್ಳಿಯವರು ವಾರಕ್ಕೆ ಅರ್ಧ ದಿನ ಸಾರ್ವಜನಿಕ ಕೆಲಸಕ್ಕೆ ದುಡಿಯಬೇಕೆಂದಿತ್ತು. ಪಾಪಾಸುಕಳ್ಳಿ ಕಡಿಯುವುದು, ಗುಂಡಿ ಮುಚ್ಚುವುದು, ದಾರಿ ಸರಿಪಡಿಸುವುದು, ಇಂಥವು. ಯೋಜನೆ ಒಳ್ಳೆಯದೇ. ಆದರೆ ಬಿಟ್ಟಿಚಾಕರಿಯ ನೆನಪು ಮಾಸದಿದ್ದ ರೈತನಿಗೆ, ಅಮಲ್ದಾರರು ಕುದುರೆಯ ಮೇಲೆ ಬಂದು ಹೇಳಿದ ಸೇವೆ ಎಷ್ಟರಮಟ್ಟಿಗೆ ಸೇವೆಯಾಗಿ ಕಂಡೀತು? ಒತ್ತಾಯವೋ ಸ್ವಇಚ್ಛೆಯೋ ಎಂಬ ಈ ತೊಡಕು ಮುಂದೆ ದಿಲ್ಲಿಯ ದೊಡ್ಡವರನ್ನೂ ಕಾಡಿತು.

ಅಕ್ಷರ ಕಲಿತ ಕೈ ಪೊರಕೆ ಹಿಡಿದದ್ದು ಮಾತ್ರ ಬೇರೆ ದಾರಿಯಿಂದ. 1924ರ ಡಿಸೆಂಬರಿನಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ ಸೇರಿತು. ಗಾಂಧೀಜಿ ಅಧ್ಯಕ್ಷತೆ ವಹಿಸಿದ್ದು ಅದೊಂದಕ್ಕೇ. ಹುಬ್ಬಳ್ಳಿಯ ಡಾಕ್ಟರ್ ನಾ. ಸು. ಹರ್ಡೀಕರರು ಅದರ ಹಿಂದಿನ ವರ್ಷವಷ್ಟೇ ಹಿಂದೂಸ್ತಾನಿ ಸೇವಾದಳವನ್ನು ಕಟ್ಟಿದ್ದರು. ಬೆಳಗಾವಿಯ ಶಿಬಿರದ ಕಸವನ್ನು, ಕಕ್ಕಸುಗಳನ್ನು ಕೂಡ, ಸ್ವಯಂಸೇವಕರು ತಾವೇ ನೋಡಿಕೊಂಡರು. ಅವರಲ್ಲಿ ಮೇಲು ಜಾತಿಯವರೆನಿಸಿಕೊಂಡ ಓದಿದ ಯುವಕರೂ ಇದ್ದರು. ಮನೆಯಲ್ಲಿ ತನ್ನ ತಟ್ಟೆಯನ್ನು ತಾನು ತೊಳೆಯದ ಹುಡುಗ ಸಾವಿರಾರು ಅಪರಿಚಿತರ ಹೊಲಸನ್ನು ಎತ್ತಿದ್ದು ಆ ಕಾಲಕ್ಕೆ ಸಣ್ಣ ಸಂಗತಿಯಲ್ಲ. ಊರಿಗೆ ಹಿಂದಿರುಗಿದಾಗ ಎಷ್ಟು ಮಂದಿಗೆ ಪ್ರಾಯಶ್ಚಿತ್ತ ಕಾದಿತ್ತೋ!

ಸ್ವಾತಂತ್ರ್ಯ ಬಂದ ಮೇಲೆ ಶ್ರಮದಾನವೆಂಬುದು ಸರ್ಕಾರದ ಮಾತಾಯಿತು. ಪದವಿ ಪಡೆಯುವುದಕ್ಕೆ ಸಮಾಜಸೇವೆಯನ್ನು ಷರತ್ತಾಗಿಡಬಹುದೆ ಎಂದು 1958ರಲ್ಲಿ ನೆಹರೂ ಅವರೇ ಮುಖ್ಯಮಂತ್ರಿಗಳಿಗೆ ಬರೆದರು. ಮರುವರ್ಷ ಸಿ. ಡಿ. ದೇಶಮುಖರ ಸಮಿತಿ ನೇಮಕವಾಯಿತು. ಪ್ರೌಢಶಾಲೆ ಮುಗಿಸಿದವರೆಲ್ಲ ಒಂಬತ್ತು ತಿಂಗಳಿಂದ ಒಂದು ವರ್ಷದವರೆಗೆ ಕಡ್ಡಾಯವಾಗಿ ಸೇವೆ ಸಲ್ಲಿಸಬೇಕೆಂದು ಆ ಸಮಿತಿ ಹೇಳಿತು. ಹೇಳಿದವರು ಮಾಜಿ ಅರ್ಥಸಚಿವರು. ಆದರೂ ಅದರ ಖರ್ಚನ್ನು ಕಂಡು ಸರ್ಕಾರ ಬೆಚ್ಚಿತು. 1960ರಲ್ಲಿ ಕೆ. ಜಿ. ಸೈಯಿದೈನ್ ಅವರು ಬೇರೆ ದೇಶಗಳ ರೀತಿಯನ್ನು ನೋಡಿ, ಸ್ವಇಚ್ಛೆಯೇ ಲೇಸೆಂದರು. ಅಷ್ಟರಲ್ಲಿ ಚೀನಾ ಯುದ್ಧ ಬಂದು, 1963ರಿಂದ ಕಾಲೇಜುಗಳಲ್ಲಿ ಎನ್.ಸಿ.ಸಿ. ಕಡ್ಡಾಯವಾಯಿತು. ಪೊರಕೆಯ ಮಾತು ಹಿಂದೆ ಸರಿದು ಬೂಟಿನ ಸದ್ದು ಮುಂದಾಯಿತು. ಆ ಕಡ್ಡಾಯ 1968ರಲ್ಲಿ ಹೋಯಿತು.

ಕೊನೆಗೂ ನಿರ್ಧಾರ ತೆಗೆದುಕೊಂಡವರು ಕರ್ನಾಟಕದ ಮತದಾರರು ಆರಿಸಿ ಕಳಿಸಿದ ಒಬ್ಬ ಅರ್ಥಶಾಸ್ತ್ರಜ್ಞರು. ಬಳ್ಳಾರಿಯಿಂದ ಲೋಕಸಭೆಗೆ ಹೋಗಿದ್ದ ವಿ. ಕೆ. ಆರ್. ವಿ. ರಾವ್ ಅವರು ಕೇಂದ್ರದ ಶಿಕ್ಷಣ ಸಚಿವರಾಗಿದ್ದಾಗ, ಗಾಂಧೀ ಶತಮಾನೋತ್ಸವದ ವರ್ಷವಾದ 1969ರ ಸೆಪ್ಟೆಂಬರ್ 24ರಂದು ರಾಷ್ಟ್ರೀಯ ಸೇವಾ ಯೋಜನೆಯನ್ನು ಆರಂಭಿಸಿದರು. 37 ವಿಶ್ವವಿದ್ಯಾನಿಲಯಗಳು, 40,000 ವಿದ್ಯಾರ್ಥಿಗಳು, ಕಡ್ಡಾಯವಿಲ್ಲ. ರಾಯರು ಬೆಂಗಳೂರಿನಲ್ಲಿ ಸ್ಥಾಪಿಸಿದ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಅಧ್ಯಯನ ಸಂಸ್ಥೆಯನ್ನು ವಿದ್ವಾಂಸರೆಲ್ಲ ಬಲ್ಲರು. ಪಾರ್ಕಿನಲ್ಲಿ ಹುಲ್ಲು ಕೀಳುವ ಹುಡುಗನಿಗೆ ಅವರ ಹೆಸರು ಗೊತ್ತಿರುವುದಿಲ್ಲ.

ಯೋಜನೆಗೆ ಸೇರಿದವನು ಎರಡು ವರ್ಷಗಳಲ್ಲಿ 240 ಗಂಟೆ ದುಡಿಯಬೇಕು. ವರ್ಷಕ್ಕೆ 120, ಅಂದರೆ ವಾರಕ್ಕೆ ಎರಡು ಗಂಟೆಗಿಂತ ಸ್ವಲ್ಪ ಹೆಚ್ಚು. ವಿಶ್ವೇಶ್ವರಯ್ಯನವರ ಅರ್ಧ ದಿನ ಅದರ ಅರ್ಧಕ್ಕೆ ಇಳಿಯಿತೆನ್ನಿ. ಕನಕಪುರವಾಗಲಿ ಚನ್ನಪಟ್ಟಣವಾಗಲಿ, ಕಾಲೇಜಿರುವ ಊರಿನವರಿಗೆ ಇದರ ಫಲ ಗೊತ್ತಿದ್ದದ್ದೇ. ಭಾನುವಾರ ಪಾರ್ಕು ಕನ್ನಡಿಯಂತಿರುತ್ತದೆ. ಮುಂದಿನ ಭಾನುವಾರ ಯಥಾಪ್ರಕಾರ. ಇದನ್ನು ಕಂಡು ‘ಎಲ್ಲ ಸರ್ಟಿಫಿಕೇಟಿಗಾಗಿ’ ಎಂದು ಮೂಗು ಮುರಿಯುವವರಿದ್ದಾರೆ. ನನಗೆ ಆ ಮಾತು ಒಪ್ಪಿಗೆಯಿಲ್ಲ. ಹದಿನೆಂಟರ ಹುಡುಗಿ ಕಸದ ಮಂಕರಿ ಹೊತ್ತು ನಡುಬೀದಿಯಲ್ಲಿ ನಡೆದರೆ ನೆಂಟರು ನೋಡಿಯಾರೆಂಬ ಅಂಜಿಕೆ ಬಿಡುತ್ತದೆ. ಅದು ಸರ್ಟಿಫಿಕೇಟಿನಲ್ಲಿ ಬರೆಯುವಂಥದಲ್ಲ. ನನ್ನ ಸಂಶಯ ಬೇರೆ. ಉಳಿದ ಆರು ದಿನ ಅದೇ ಮಂಕರಿ ಯಾರ ತಲೆಯ ಮೇಲಿತ್ತೆಂದು ಆಕೆಗೆ ಯಾರಾದರೂ ಹೇಳಿದರೆ?

ಹೇಳಬೇಕಾದ ಚರಿತ್ರೆ ಕರ್ನಾಟಕದಲ್ಲಿ ಧಾರಾಳವಾಗಿದೆ. ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ದೇವರಾಜ ಅರಸರ ಸಂಪುಟದಲ್ಲಿ ಪೌರಾಡಳಿತ ನೋಡಿಕೊಳ್ಳುತ್ತಿದ್ದ ಬಿ. ಬಸವಲಿಂಗಪ್ಪನವರು 1970ರ ದಶಕದ ಆರಂಭದಲ್ಲಿ ನಿಷೇಧಿಸಿದರು. ಕೇಂದ್ರದ ಕಾನೂನು ಬಂದದ್ದು 1993ರಲ್ಲಿ, ಇಪ್ಪತ್ತು ವರ್ಷ ತಡವಾಗಿ. ಅದೇ ದಶಕದಲ್ಲಿ ಐ. ಪಿ. ಡಿ. ಸಾಲಪ್ಪನವರ ಸಮಿತಿ ಪೌರಕಾರ್ಮಿಕರ ಬದುಕನ್ನು ಪರಿಶೀಲಿಸಿ, 500 ಮಂದಿ ನಿವಾಸಿಗಳಿಗೆ ಒಬ್ಬರಾದರೂ ಕಾರ್ಮಿಕರಿರಬೇಕೆಂದು ಹೇಳಿತು. ಗುತ್ತಿಗೆಯ ಪದ್ಧತಿ ಬಂದ ಮೇಲೆ ಈ ಲೆಕ್ಕ ಎಷ್ಟೋ ಊರುಗಳಲ್ಲಿ ಕಾಗದದ ಮೇಲೆಯೇ ಉಳಿಯಿತು. ಬೆಳಗಾವಿಯ ಸ್ವಯಂಸೇವಕ ಪೊರಕೆ ಹಿಡಿದದ್ದು ಹುಟ್ಟಿಗೂ ಕೆಲಸಕ್ಕೂ ಇದ್ದ ಗಂಟನ್ನು ಬಿಚ್ಚುವುದಕ್ಕಾಗಿ. ಪಾರ್ಕಿನ ವಿದ್ಯಾರ್ಥಿಗೆ ಪೊರಕೆ ಉಳಿಯಿತು, ಗಂಟಿನ ಮಾತು ಮರೆಯಿತು. ಮಧ್ಯಾಹ್ನ ಸ್ನಾನ ಮಾಡಿದರೆ ಅವನ ಪಾಲಿನ ಕಸ ಮುಗಿಯಿತು. ಸೋಮವಾರ ಬೆಳಗಿನ ಜಾವ ಅದೇ ಗುಡ್ಡೆಯನ್ನು ಗಾಡಿಗೆ ತುಂಬುವಾಕೆಗೆ ಮುಗಿಯುವುದಿಲ್ಲ.

ನಮ್ಮ ರಾಜ್ಯದಲ್ಲಿ ಸೆಪ್ಟೆಂಬರ್ 23 ಪೌರಕಾರ್ಮಿಕರ ದಿನ. 24 ರಾಷ್ಟ್ರೀಯ ಸೇವಾ ಯೋಜನೆಯ ದಿನ. ಪಂಚಾಂಗದಲ್ಲಿ ಅಕ್ಕಪಕ್ಕ ಕುಳಿತಿವೆ. ಮೊದಲನೆಯದು ಸಾಮಾನ್ಯವಾಗಿ ನಗರಸಭೆಯ ಸಮಾರಂಭ, ಎರಡನೆಯದು ಕಾಲೇಜಿನದು. ನಗರಸಭೆಯಲ್ಲಿ ಹಾರ ಹಾಕಿಸಿಕೊಂಡಾಕೆಯನ್ನೇ ಮರುದಿನ ಕಾಲೇಜಿಗೆ ಕರೆದು ಒಂದು ಗಂಟೆ ಮಾತನಾಡಿಸಬಹುದು. ಮಳೆ ಬಂದಾಗ ಪಾರ್ಕಿಗೆ ಕಸ ಯಾವ ಚರಂಡಿಯಿಂದ ಉಕ್ಕುತ್ತದೆ, ಯಾವ ಹೋಟೆಲಿನವರು ರಾತ್ರಿ ಹನ್ನೊಂದರ ಮೇಲೆ ಎಲ್ಲಿ ಸುರಿದು ಹೋಗುತ್ತಾರೆ, ಗಾಜಿನ ಚೂರನ್ನು ಬೇರೆ ಕಟ್ಟದಿದ್ದರೆ ಯಾರ ಬೆರಳು ಕುಯ್ಯುತ್ತದೆ, ಇದೆಲ್ಲ ಆಕೆಗೆ ಗೊತ್ತು.