ಆರ್ಥಿಕ ದಿಗ್ಬಂಧನ ಮತ್ತು ಬದಲಿ ಸರಕು: ಸಿಂಧನೂರು, ಲಿಂಗಸುಗೂರು, ಮಸ್ಕಿ ಪರಿಸರ (1947–48)

ಒಂದು ರಾಜ್ಯದ ಮೇಲೆ ಆರ್ಥಿಕ ದಿಗ್ಬಂಧನ ಬಿದ್ದಾಗ ಎರಡು ಪ್ರಶ್ನೆಗಳು ಏಳುತ್ತವೆ. ಹೊರಗಿನ ಸರಕಿನ ಸ್ಥಾನಕ್ಕೆ ಬರುವುದೇನು? ಅದನ್ನು ಒದಗಿಸಬಲ್ಲವರು ಯಾರು? ಕರ್ನಾಟಕದ ಚರಿತ್ರೆಯಲ್ಲಿ ಈ ಪ್ರಶ್ನೆಗಳಿಗೆ ನೇರವಾಗಿ ಒಡ್ಡಿಕೊಂಡ ಪ್ರದೇಶವೆಂದರೆ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದ ಕನ್ನಡ ಜಿಲ್ಲೆಗಳು. ಅವುಗಳಲ್ಲಿಯೂ ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ಎಡೆದೊರೆ ನಾಡಿನ ಸ್ಥಿತಿ ವಿಶಿಷ್ಟವಾದುದು.

ಸಿಂಧನೂರಿನ ದಕ್ಷಿಣಕ್ಕೆ ತುಂಗಭದ್ರೆಯನ್ನು ದಾಟಿದರೆ ಮದ್ರಾಸ್ ಪ್ರಾಂತ್ಯದ ಸಿರುಗುಪ್ಪ. ಲಿಂಗಸುಗೂರು ತಾಲೂಕಿನ ಮುದಗಲ್ಲಿನಿಂದ ಪಶ್ಚಿಮಕ್ಕೆ ನಡೆದರೆ ಮುಂಬಯಿ ಪ್ರಾಂತ್ಯದ ಇಳಕಲ್ಲು. 1860ರಲ್ಲಿ ಬ್ರಿಟಿಷರಿಂದ ನಿಜಾಮನಿಗೆ ಮರಳಿದ ಈ ಭಾಗದಲ್ಲಿ ಲಿಂಗಸುಗೂರು 1905ರವರೆಗೆ ಜಿಲ್ಲಾ ಕೇಂದ್ರವಾಗಿತ್ತು. ಇತ್ತೀಚೆಗೆ ಪ್ರತ್ಯೇಕ ತಾಲೂಕಾದ ಮಸ್ಕಿ ಆಗ ಲಿಂಗಸುಗೂರಿಗೆ ಸೇರಿದ ಊರು. ಮೂರೂ ಊರುಗಳಿಗೆ ಆಗ ರೈಲು ಸಂಪರ್ಕವಿರಲಿಲ್ಲ. ಗಡಿಯ ಎರಡೂ ಕಡೆ ಭಾಷೆ ಒಂದೇ, ಬೀಗತನ ಒಂದೇ. ಆದರೆ ನಾಣ್ಯ ಬೇರೆ, ಸುಂಕ ಬೇರೆ. ಭಾರತದ 100 ರೂಪಾಯಿಗೆ ಹಾಲಿ ಸಿಕ್ಕಾದ 116 ರೂಪಾಯಿ 10 ಆಣೆ 8 ಪೈ ಸಮವಾಗಿತ್ತು. ಸುಂಕದ ಇಲಾಖೆಗೆ ಕರೋಡಗಿರಿ ಎಂಬ ಹೆಸರಿತ್ತು. ಹೀಗಾಗಿ ಇಳಕಲ್ಲಿನ ಸೀರೆ ಮುದಗಲ್ಲಿನ ಹೆಣ್ಣುಮಗಳಿಗೆ ನೆರೆಯೂರಿನದಾದರೂ ಕಾನೂನಿನ ದೃಷ್ಟಿಯಲ್ಲಿ ಹೊರನಾಡಿನ ಸರಕೇ ಆಗಿತ್ತು.

1947ರ ನವೆಂಬರ್ 29ರಂದು ಭಾರತ ಒಕ್ಕೂಟ ಮತ್ತು ಹೈದರಾಬಾದ್ ಸಂಸ್ಥಾನಗಳ ನಡುವೆ ಯಥಾಸ್ಥಿತಿ ಒಪ್ಪಂದವಾಯಿತು. ಅದರ ಬೆನ್ನಿಗೇ ಸಂಸ್ಥಾನವು ಅಮೂಲ್ಯ ಲೋಹಗಳ ರಫ್ತನ್ನು ನಿರ್ಬಂಧಿಸಿತು. ಭಾರತದ ನಾಣ್ಯವನ್ನು ಚಲಾವಣೆಯಿಂದ ಹೊರಗಿಟ್ಟಿತು. ಪಾಕಿಸ್ತಾನಕ್ಕೆ 20 ಕೋಟಿ ರೂಪಾಯಿಗಳ ಸಾಲವನ್ನು ನೀಡಿದ ಸಂಗತಿಯೂ ಬಯಲಾಯಿತು. 1948ರಲ್ಲಿ ಒಕ್ಕೂಟದ ಕಡೆಯಿಂದ ಬರುವ ಸರಕುಗಳಿಗೆ ತಡೆ ಬಿಗಿಯಾಯಿತು. ಭಾರತ ಸರಕಾರ ಇದನ್ನು ಅಧಿಕೃತ ದಿಗ್ಬಂಧನವೆಂದು ಒಪ್ಪಲಿಲ್ಲ. ಸಂಸ್ಥಾನವಾದರೋ ಉಪ್ಪು, ಪೆಟ್ರೋಲು, ಔಷಧಿಗಳ ಅಭಾವವನ್ನು ಮುಂದೊಡ್ಡಿ ಆಗಸ್ಟ್ 21ರಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿಗೆ ದೂರು ಸಲ್ಲಿಸಿತು.

ಸಂಸ್ಥಾನಕ್ಕೆ ಸ್ವಂತದ ಉದ್ಯಮಗಳು ಇರಲಿಲ್ಲವೆಂದಲ್ಲ. ಗುಲ್ಬರ್ಗದ ಮೆಹಬೂಬ್ ಶಾಹಿ ಗಿರಣಿ, ಬೋಧನದ ನಿಜಾಂ ಸಕ್ಕರೆ ಕಾರ್ಖಾನೆ, ಸಿರ್ಪುರದ ಕಾಗದದ ಗಿರಣಿ, ಸಿಂಗರೇಣಿಯ ಕಲ್ಲಿದ್ದಲು, ವಜೀರ್ ಸುಲ್ತಾನ್ ಕಂಪನಿಯ ಚಾರ್‌ಮಿನಾರ್ ಸಿಗರೇಟು ಇವೆಲ್ಲ ನಿಜಾಮನ ಸೀಮೆಯ ಉತ್ಪನ್ನಗಳೇ. ಆದರೆ ಇವು ದಿಗ್ಬಂಧನ ಹುಟ್ಟಿಸಿದ ಬದಲಿಗಳಲ್ಲ. 1929ರಲ್ಲಿ ಸ್ಥಾಪನೆಯಾದ ಔದ್ಯೋಗಿಕ ನಿಧಿಯಂತಹ ಏರ್ಪಾಡುಗಳ ನೆರವಿನಿಂದಲೂ ಅದಕ್ಕೂ ಹಿಂದಿನ ಬಂಡವಾಳದಿಂದಲೂ ದಶಕಗಳ ಅವಧಿಯಲ್ಲಿ ಬೆಳೆದಂಥವು. ಕೆಲವು ತಿಂಗಳ ತಡೆಯಲ್ಲಿ ಹೊಸ ಕಾರ್ಖಾನೆ ಏಳುವುದಿಲ್ಲ. ಇದ್ದುದು ಮಾತ್ರ ಉಪಯೋಗಕ್ಕೆ ಬರುತ್ತದೆ.

ಜನಪದರು ಸರಕುಗಳನ್ನು ವಿಂಗಡಿಸುವ ಕ್ರಮ ಇಲ್ಲಿ ಪರಿಶೀಲನೆಗೆ ಅರ್ಹವಾಗಿದೆ. ಹೊರಗಿನಿಂದ ಬಂದುದಕ್ಕೆ ‘ಸೀಮೆ’ ಅಥವಾ ‘ವಿಲಾಯ್ತಿ’ ಎಂಬ ವಿಶೇಷಣ, ನೆಲದ್ದಕ್ಕೆ ‘ಜವಾರಿ’ ಎಂಬ ವಿಶೇಷಣ ಬಳಕೆಯಲ್ಲಿವೆ. ಸೀಮೆಎಣ್ಣೆ ನಿಂತರೆ ಔಡಲೆಣ್ಣೆಯ ಹಣತೆಗೆ ಮರಳಬಹುದು. ಸಕ್ಕರೆ ಸಿಗದಿದ್ದರೆ ಬೆಲ್ಲವುಂಟು. ಊಟಕ್ಕೆ ಜವಾರಿ ಜೋಳವುಂಟು. ಗಾಣ, ಮಗ್ಗ, ಹೊಲ ಇರುವ ಕಡೆ ಬದಲಿಯೂ ಇರುತ್ತದೆ. ಆದರೆ ಉಪ್ಪಿಗೆ ‘ಸೀಮೆ’ ಎಂಬ ವಿಶೇಷಣ ಅಂಟಲಿಲ್ಲ. ಜನ ಅದನ್ನು ಪರಕೀಯವೆಂದು ಎಣಿಸಲೇ ಇಲ್ಲ. ಅದು ಮಾತ್ರ ಕಡಲಿಲ್ಲದ ಸಂಸ್ಥಾನಕ್ಕೆ ಗಡಿಯಾಚೆಯಿಂದಲೇ ಬರಬೇಕಾಗಿತ್ತು.

ಇದು ಮೊದಲಿನಿಂದಲೂ ಹೀಗೆಯೇ ಇದ್ದ ಸ್ಥಿತಿಯಲ್ಲ. ಒಳನಾಡಿನಲ್ಲಿ ಚೌಳು ಮಣ್ಣನ್ನು ನೀರಿನಲ್ಲಿ ಕದಡಿ, ಸೋಸಿ, ತಿಳಿಯನ್ನು ಆರಿಸಿ ಉಪ್ಪು ತೆಗೆಯುವುದು ಉಪ್ಪಾರರ ಕುಲಕಸುಬಾಗಿತ್ತು. ತಮ್ಮನ್ನು ಭಗೀರಥನ ವಂಶದವರೆಂದು ಕರೆದುಕೊಳ್ಳುವ ಈ ಸಮುದಾಯದ ಹೆಸರಿನಲ್ಲಿಯೇ ಆ ವೃತ್ತಿ ಉಳಿದಿದೆ. ನದಿಯಾಚೆಯ ಬಳ್ಳಾರಿ ಸೀಮೆಯಲ್ಲಿ ಬ್ರಿಟಿಷ್ ಆಡಳಿತವು ಉಪ್ಪಿನ ತೆರಿಗೆಯ ಆದಾಯವನ್ನು ಕಾಪಾಡಿಕೊಳ್ಳಲು ಮಣ್ಣುಪ್ಪಿನ ತಯಾರಿಕೆಯನ್ನು ಹತ್ತಿಕ್ಕಿತು. ಉಪ್ಪಾರರು ಮಣ್ಣು ಅಗೆಯುವ, ಮನೆ ಕಟ್ಟುವ ಕೆಲಸಗಳಿಗೆ ಸರಿದರು. ಒಮ್ಮೆ ಕೈಬಿಟ್ಟ ಕಸುಬು ಸಂಕಟದ ದಿನ ಕರೆದ ಕೂಡಲೇ ಮರಳುವಂಥದಲ್ಲ.

ಇದಕ್ಕೆ ವ್ಯತಿರಿಕ್ತವಾಗಿ ಇದೇ ತಾಲೂಕಿನ ಹಟ್ಟಿಯಲ್ಲಿ ಚಿನ್ನವಿತ್ತು. ಇಂಗ್ಲೆಂಡಿನ ಜಾನ್ ಟೇಲರ್ ಸಂಸ್ಥೆ ನಡೆಸುತ್ತಿದ್ದ ಗಣಿ 1920ರಲ್ಲಿ ನಿಂತಿತ್ತು. 1947ರಲ್ಲಿ ಹೈದರಾಬಾದ್ ಗೋಲ್ಡ್ ಮೈನ್ಸ್ ಕಂಪನಿ ಸ್ಥಾಪನೆಯಾಯಿತು. 1915ರಲ್ಲಿ ಅಶೋಕನ ಹೆಸರುಳ್ಳ ಮಸ್ಕಿ ಶಾಸನವನ್ನು ಬೆಳಕಿಗೆ ತಂದ ಬೀಡನ್ ಕೂಡ ಚಿನ್ನದ ಗಣಿಯ ಎಂಜಿನಿಯರನೇ. ವಿದೇಶಿ ಕಂಪನಿಯ ಸ್ಥಾನಕ್ಕೆ ಸ್ಥಳೀಯ ಕಂಪನಿ ಬಂದ ಸ್ಪಷ್ಟ ನಿದರ್ಶನವಿದು. ಆದರೆ ರಾಜ್ಯದ ಬೊಕ್ಕಸಕ್ಕೆ ಬೇಕಾದ ಬದಲಿ ಬೇರೆ, ಅಡುಗೆಮನೆಗೆ ಬೇಕಾದ ಬದಲಿ ಬೇರೆ. ಉಪ್ಪಿಗಿಂತ ರುಚಿಯಿಲ್ಲ ಎಂಬ ಗಾದೆಯ ಅರ್ಥ ಇಂತಹ ಸಂದರ್ಭದಲ್ಲಿ ಅಕ್ಷರಶಃ ನಿಜವಾಗುತ್ತದೆ.

ದಿಗ್ಬಂಧನ ಹೊರಗಿನಿಂದ ಮಾತ್ರ ಬರಲಿಲ್ಲವೆಂಬುದನ್ನೂ ಗಮನಿಸಬೇಕು. ಸ್ವಾಮಿ ರಮಾನಂದ ತೀರ್ಥರ ನೇತೃತ್ವದ ಸ್ಟೇಟ್ ಕಾಂಗ್ರೆಸ್ ಶಿಂದಿ ಗಿಡಗಳನ್ನು ಕಡಿದು ಅಬಕಾರಿ ಆದಾಯಕ್ಕೆ ಪೆಟ್ಟು ಕೊಡುವ, ಲೆವಿ ಧಾನ್ಯವನ್ನು ನಿರಾಕರಿಸುವ, ಸುಂಕದ ಕಾಯಿದೆಯನ್ನು ಮುರಿಯುವ ಕಾರ್ಯಕ್ರಮವನ್ನು ಕೈಗೊಂಡಿತು. ಅಳವಂಡಿ ಶಿವಮೂರ್ತಿಸ್ವಾಮಿಯವರ ಮುಂಡರಗಿ ಶಿಬಿರ, ಪುಂಡಲೀಕಪ್ಪ ಜ್ಞಾನಮೋಠೆಯವರ ಗಜೇಂದ್ರಗಡ ಶಿಬಿರ ಮೊದಲಾದ ಗಡಿ ಶಿಬಿರಗಳ ಹೋರಾಟದಲ್ಲಿ ಕರೋಡಗಿರಿ ನಾಕಾಗಳು ಗುರಿಯಾದವು. ರಜಾಕಾರರ ಹಾವಳಿಗೆ ಅಂಜಿದ ಜನ ಒಕ್ಕೂಟದ ಕಡೆಗೆ ಗುಳೆ ಹೋದರು. ಸರಕಿಗೆ ಮುಚ್ಚಿದ್ದ ಗಡಿಯನ್ನು ಜನ ಜೀವ ಉಳಿಸಿಕೊಳ್ಳಲು ದಾಟಿದರು. ಸರಕಾರಗಳ ಹಟದ ಭಾರವನ್ನು ಹೊತ್ತವರು ಅವರೇ.

1948ರ ಸೆಪ್ಟೆಂಬರ್ 13ರಿಂದ 17ರವರೆಗಿನ ಪೊಲೀಸ್ ಕಾರ್ಯಾಚರಣೆಯೊಂದಿಗೆ ಈ ಅಧ್ಯಾಯ ಮುಗಿಯಿತು. ಹಾಲಿ ಸಿಕ್ಕಾ 1950ರ ದಶಕದಲ್ಲಿ ಮರೆಯಾಯಿತು. ಚಾರ್‌ಮಿನಾರ್ ಉಳಿದದ್ದು ಮುಚ್ಚಿದ ಗಡಿಯ ಆಸರೆಯಿಂದಲ್ಲ, ತೆರೆದ ಮಾರುಕಟ್ಟೆಯಲ್ಲಿ. ಹಟ್ಟಿಯ ಗಣಿ ಇಂದಿಗೂ ನಡೆಯುತ್ತಿದೆ. ಮಣ್ಣುಪ್ಪು ಮಾತ್ರ ಪೇಟೆಗೆ ಮರಳಲಿಲ್ಲ.

ಈ ಪ್ರಸಂಗದಿಂದ ಹೊರಡುವ ನಿರ್ಣಯ ಸರಳವಾದುದು. ಬದಲಿ ಸರಕನ್ನು ದಿಗ್ಬಂಧನ ಸೃಷ್ಟಿಸುವುದಿಲ್ಲ. ಮೊದಲೇ ಉಳಿಸಿಕೊಂಡ ಕೌಶಲ ಮತ್ತು ಕಚ್ಚಾವಸ್ತು ಸೃಷ್ಟಿಸುತ್ತವೆ. ಆದ್ದರಿಂದ ಉಪ್ಪಾರ, ಗಾಣಿಗ, ನೇಕಾರ ಸಮುದಾಯಗಳ ವೃತ್ತಿಜ್ಞಾನವನ್ನು ಜನಪದದ ಅಲಂಕಾರವೆಂದಲ್ಲದೆ ಆರ್ಥಿಕ ಚರಿತ್ರೆಯ ಆಕರವೆಂದು ಪರಿಗಣಿಸಿ ದಾಖಲಿಸಬೇಕಾಗಿದೆ. ಗಡಿ ಊರುಗಳ ಓಣಿಗಳಲ್ಲಿ ಆ ನೆನಪು ಉಳಿದಿರುವಾಗಲೇ ಈ ಕೆಲಸ ನಡೆಯುವುದು ಅಗತ್ಯ.