ಗಿಣ್ಣು ಕುಡಿಯದ ಕರುವಿನ ರಕ್ತ

ಹಸು ಈದಾಗ ಮೊದಲ ಹಾಲನ್ನು ಕರುವಿಗೆ ಬಿಟ್ಟು, ಮಿಕ್ಕಿದ್ದರಲ್ಲಿ ಗಿಣ್ಣು ಮಾಡುವುದು ರೂಢಿ. ಇದಕ್ಕೆ ಗಟ್ಟಿಯಾದ ಕಾರಣವಿದೆ. ಮನುಷ್ಯರಲ್ಲಿ ತಾಯಿಯ ಪ್ರತಿಕಾಯಗಳು, ಅಂದರೆ ರೋಗಾಣುಗಳನ್ನು ಗುರುತಿಸಿ ಹಿಡಿಯುವ ಪ್ರೋಟೀನುಗಳು, ಮಾಸಿನ ಮೂಲಕ ಮಗುವಿಗೆ ಹರಿದುಬರುತ್ತವೆ. ಹಸುವಿನ ಮಾಸು ಅವನ್ನು ದಾಟಿಸುವುದಿಲ್ಲ. ಗರ್ಭದಲ್ಲಿರುವ ಕರುವಿನ ರಕ್ತದಲ್ಲಿ ಪ್ರತಿಕಾಯಗಳು ಇಲ್ಲವೆನ್ನುವಷ್ಟು ಕಡಿಮೆ. ಹುಟ್ಟಿದ ಮೇಲೆ ಗಿಣ್ಣುಹಾಲು ಕುಡಿದೇ ಅದು ತಾಯಿಯ ರಕ್ಷಣೆ ಪಡೆಯಬೇಕು. ಕಳೆದ ಶತಮಾನದ ಜೀವವಿಜ್ಞಾನ ಬಹುಮಟ್ಟಿಗೆ ನಿಂತದ್ದು ಗಿಣ್ಣು ಕುಡಿಯುವ ಮೊದಲಿನ ಈ ರಕ್ತದ ಮೇಲೆ. ಅದರ ಒಂದು ದೊಡ್ಡ ತಲೆನೋವೂ ಇಲ್ಲಿಂದಲೇ ಶುರುವಾಯಿತು.

1907ರಲ್ಲಿ ಅಮೆರಿಕದ ರಾಸ್ ಹ್ಯಾರಿಸನ್ ಕಪ್ಪೆಯ ಭ್ರೂಣದ ನರದ ತುಣುಕೊಂದನ್ನು ದೇಹದ ಹೊರಗೆ, ಕಪ್ಪೆಯದೇ ದುಗ್ಧರಸದ ಹನಿಯಲ್ಲಿ ಬೆಳೆಸಿ ತೋರಿಸಿದರು. ಜೀವಕೋಶ ಕೃಷಿ ಶುರುವಾದದ್ದು ಹೀಗೆ. ಆದರೆ ದೇಹ ಬಿಟ್ಟುಬಂದ ಕೋಶಕ್ಕೆ ಏನು ಉಣಿಸಬೇಕು ಎಂಬ ಪ್ರಶ್ನೆ ಬಹುಕಾಲ ಉಳಿಯಿತು. 1950ರ ದಶಕದಲ್ಲಿ ಹ್ಯಾರಿ ಈಗಲ್ ಕೋಶಕ್ಕೆ ಬೇಕಾದ ಅಮೈನೋ ಆಮ್ಲ, ವಿಟಮಿನ್, ಲವಣಗಳ ಪಟ್ಟಿ ಮಾಡಿದರು. ಇಷ್ಟನ್ನು ಬೆರೆಸಿ ಕೊಟ್ಟರೂ ಕೋಶಗಳು ಬೆಳೆಯಲು ಸ್ವಲ್ಪ ಸೀರಂ, ಅಂದರೆ ಹೆಪ್ಪುಗಟ್ಟಿದ ರಕ್ತದಿಂದ ಬೇರ್ಪಡುವ ತಿಳಿ, ಬೇಕೇ ಬೇಕಾಯಿತು. ಅದೇ ದಶಕದ ಕೊನೆಗೆ ಕೊಲರಾಡೊದ ಥಿಯೊಡೋರ್ ಪಕ್ ಮತ್ತು ಸಂಗಡಿಗರು ಕರುವಿನ ಭ್ರೂಣದ ಸೀರಂ ಬಳಸಿದರು. ಅದರಲ್ಲಿ ಬೆಳವಣಿಗೆಯ ಪ್ರಚೋದಕಗಳು ಹೇರಳ, ಕೋಶಗಳಿಗೂ ಲಸಿಕೆಗಾಗಿ ಬೆಳೆಸುವ ವೈರಸ್ಸಿಗೂ ಅಡ್ಡಬರುವ ಪ್ರತಿಕಾಯಗಳು ವಿರಳ.

ಸೀರಂ ಬರುತ್ತಿದ್ದದ್ದು ಕಸಾಯಿಖಾನೆಗಳಿಂದ. ಕಡಿದ ಹಸು ಗಬ್ಬವಾಗಿದ್ದರೆ ಅದರ ಭ್ರೂಣದ ಹೃದಯದಿಂದ ರಕ್ತ ತೆಗೆಯುತ್ತಾರೆ. ಒಂದು ಭ್ರೂಣದಿಂದ ಸಿಗುವುದು ಹೆಚ್ಚೆಂದರೆ ಅರ್ಧ ಲೀಟರಿನ ಆಸುಪಾಸು. ಹಾಗಾಗಿ ನೂರಾರು, ಸಾವಿರಾರು ಭ್ರೂಣಗಳ ಸೀರಂ ಒಂದೇ ತೊಟ್ಟಿಗೆ ಸೇರುತ್ತದೆ. ಒಂದರಲ್ಲಿ ಸೋಂಕಿದ್ದರೂ ತೊಟ್ಟಿಯೆಲ್ಲ ಕೆಟ್ಟಂತೆ.

ಆ ಸೋಂಕಿನ ಕತೆ 1946ರಲ್ಲಿ ಬೆಳಕಿಗೆ ಬಂತು. ನ್ಯೂಯಾರ್ಕ್ ರಾಜ್ಯದ ಹಸುಗಳಲ್ಲಿ ಹರಡಿದ್ದ ಹೊಸ ಭೇದಿ ರೋಗವನ್ನು ಕಾರ್ನೆಲ್ ವಿಶ್ವವಿದ್ಯಾಲಯದ ಪಶುವೈದ್ಯರು ವರ್ಣಿಸಿದರು. ಮುಂದೆ ಇದಕ್ಕೆ ಗೋವಿನ ವೈರಲ್ ಭೇದಿ ಎಂದು ಹೆಸರಾಯಿತು. ಗರ್ಭದ ಮೊದಲ ನಾಲ್ಕು ತಿಂಗಳೊಳಗೆ ಈ ವೈರಸ್ ತಗಲಿದರೆ ಭ್ರೂಣದ ಎಳೆಯ ರೋಗನಿರೋಧಕ ವ್ಯವಸ್ಥೆ ಅದನ್ನು ತನ್ನದೇ ದೇಹದ ಭಾಗವೆಂದುಕೊಂಡು ಒಪ್ಪಿಬಿಡುತ್ತದೆ. ಭ್ರೂಣ ಉಳಿದು ಕರು ಹುಟ್ಟಿದರೆ ಅದು ಬದುಕಿರುವವರೆಗೂ ವೈರಸ್ ಹೊತ್ತು ತಿರುಗುತ್ತದೆ. ಸೀರಂ ಯಾವ ಕಾರಣಕ್ಕೆ ಶ್ರೇಷ್ಠವೆನಿಸಿತೋ ಅದೇ ಕಾರಣಕ್ಕೆ ಅಪಾಯಕಾರಿಯೂ ಆಯಿತು: ವೈರಸ್ಸನ್ನು ತಡೆಯುವುದು ಅದರಲ್ಲಿ ಏನೂ ಇರಲಿಲ್ಲ.

ಇನ್ನೊಂದು ತೊಡಕೂ ಇತ್ತು. ಈ ವೈರಸ್ಸಿನ ಸಾಮಾನ್ಯ ಬಗೆ ಕೋಶಗಳನ್ನು ಕೊಲ್ಲುವುದಿಲ್ಲ. ಸೂಕ್ಷ್ಮದರ್ಶಕದಲ್ಲಿ ಸೋಂಕಿತ ಕೋಶಗಳೂ ಆರೋಗ್ಯವಾಗಿಯೇ ಕಾಣುತ್ತವೆ. 1970ರ ದಶಕದ ಆರಂಭದಲ್ಲಿ ಅಮೆರಿಕದ ಸಂಶೋಧಕರು ಮಾರುಕಟ್ಟೆಯ ಸೀರಂಗಳನ್ನು ಹುಡುಕಿನೋಡಿದಾಗ ಹಲವು ಕಂತುಗಳಲ್ಲಿ ಗೋವಿನ ವೈರಸ್ಸುಗಳು ಸಿಕ್ಕವು.

ಹಾಗಾದರೆ ತೆಗೆಯುವುದು ಹೇಗೆ? ಸೀರಮ್ಮನ್ನು 56 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅರ್ಧ ಗಂಟೆ ಬಿಸಿಮಾಡುವ ಪದ್ಧತಿ ಮೊದಲಿಂದ ಇತ್ತು. ಅದು ಹುಟ್ಟಿದ್ದು ರಕ್ತದ ಕಾಂಪ್ಲಿಮೆಂಟ್ ಎಂಬ ಪ್ರೋಟೀನುಗಳನ್ನು ನಿಷ್ಕ್ರಿಯಗೊಳಿಸಲು. ವೈರಸ್ ವಿಷಯದಲ್ಲಿ ಅದನ್ನು ನಂಬುವಂತಿರಲಿಲ್ಲ. ಇನ್ನೂ ಬಿಸಿಮಾಡಿದರೆ ಸೀರಮ್ಮೇ ಕೆಡುತ್ತದೆ. 0.1 ಮೈಕ್ರಾನ್ ರಂಧ್ರದ ಪೊರೆಯಲ್ಲಿ ಮತ್ತೆ ಮತ್ತೆ ಸೋಸಿದರೆ ಬ್ಯಾಕ್ಟೀರಿಯಾ ನಿಲ್ಲುತ್ತದೆ. ಭೇದಿಯ ವೈರಸ್ಸಿನ ಅಗಲ ಅದರ ಅರ್ಧದಷ್ಟು. ಅದು ಸಲೀಸಾಗಿ ದಾಟುತ್ತದೆ.

ಕೊನೆಗೆ ಕೈಹಿಡಿದದ್ದು ಗಾಮಾ ಕಿರಣ. ಸೀರಮ್ಮನ್ನು ಗಟ್ಟಿಯಾಗಿ ಹೆಪ್ಪುಗಟ್ಟಿಸಿ ಕೋಬಾಲ್ಟ್-60ರ ಕಿರಣಗಳಿಗೆ ಒಡ್ಡುತ್ತಾರೆ. ಕಿರಣ ವೈರಸ್ಸಿನ ವಂಶವಾಹಿಯನ್ನು ತುಂಡರಿಸುತ್ತದೆ. ಹೆಪ್ಪುಗಟ್ಟಿದಾಗ ಕಿರಣದಿಂದ ಹುಟ್ಟುವ ಉಗ್ರ ಕಣಗಳು ಓಡಾಡಲಾರವು, ಹಾಗಾಗಿ ಪೋಷಕ ಪ್ರೋಟೀನುಗಳು ಬಹುಮಟ್ಟಿಗೆ ಉಳಿಯುತ್ತವೆ. ಆದರೆ ಇದು ಗುರಿಯ ಗಾತ್ರವನ್ನು ನೆಚ್ಚಿದ ಆಟ. ವಂಶವಾಹಿ ಉದ್ದವಿದ್ದರೆ ಪೆಟ್ಟು ಸುಲಭವಾಗಿ ಬೀಳುತ್ತದೆ. ಭೇದಿಯ ವೈರಸ್ಸಿನದು ಸುಮಾರು 12 ಸಾವಿರ ಅಕ್ಷರಗಳ ವಂಶವಾಹಿ; ಗೋವಿನ ಪಾರ್ವೊವೈರಸ್ಸಿನದು ಸುಮಾರು 5 ಸಾವಿರ. ಎರಡನೆಯದು ಹೆಚ್ಚು ತಾಳಿಕೊಳ್ಳುತ್ತದೆ. ಯಾವುದರಲ್ಲೂ ಲೆಕ್ಕ ಸೊನ್ನೆಗೆ ಇಳಿಯುವುದಿಲ್ಲ. ಲಕ್ಷದಲ್ಲಿ ಒಂದು ಉಳಿಯಿತು ಎನ್ನಬಹುದು, ಒಂದೂ ಉಳಿಯಲಿಲ್ಲ ಎನ್ನಲಾಗದು.

ಇದು ಪ್ರಯೋಗಾಲಯದೊಳಗಿನ ಚರ್ಚೆಯಾಗಿಯೇ ಉಳಿಯಲಿಲ್ಲ. 1999ರಲ್ಲಿ ನೆದರ್ಲೆಂಡ್ಸ್‌ನಲ್ಲಿ ದನಗಳಿಗೆ ಹಾಕುತ್ತಿದ್ದ ಹರ್ಪಿಸ್ ಲಸಿಕೆಯೊಂದರಲ್ಲಿ ಭೇದಿಯ ವೈರಸ್ ಸೇರಿಕೊಂಡಿತ್ತು. ಕಾಯಿಲೆ ತಡೆಯಬೇಕಾದ ಸೂಜಿಯೇ ಕಾಯಿಲೆ ತಂದಿತು. ಕಡ್ಡಾಯ ಲಸಿಕೆಯ ಯೋಜನೆ ನಿಂತಿತು. 2004ರಲ್ಲಿ ಜರ್ಮನಿಯ ವಿಜ್ಞಾನಿಗಳು ಬ್ರೆಜಿಲ್‌ನಿಂದ ಬಂದ ಭ್ರೂಣ ಸೀರಮ್ಮಿನಲ್ಲಿ ಅದರ ಹೊಸ ದಾಯಾದಿಯೊಂದನ್ನು ಗುರುತಿಸಿ, ಅದನ್ನು ಹೋಬಿ ಎಂದು ಕರೆದರು. ಹೊಲದಲ್ಲಿ ಕಾಣುವ ಮೊದಲೇ ಅದು ಸೀಸೆಯಲ್ಲಿ ಕಂಡಿತ್ತು. ಮುಂದೆ ಭಾರತದ ದನಗಳಲ್ಲೂ ಪತ್ತೆಯಾಯಿತು.

2009ರ ಜೂನ್‌ನಲ್ಲಿ ಪೆಟ್ಟು ನೇರವಾಗಿ ರೋಗಿಗಳಿಗೆ ಬಿತ್ತು. ಬಾಸ್ಟನ್ನಿನ ಆಲ್‌ಸ್ಟನ್‌ನಲ್ಲಿದ್ದ ಜೆನ್‌ಜೈಮ್ ಕಂಪನಿಯ ಕಾರ್ಖಾನೆಯ ಕೋಶಗಳಲ್ಲಿ ವೆಸಿವೈರಸ್ 2117 ಕಂಡುಬಂತು. ಮನುಷ್ಯರಿಗೆ ಕಾಯಿಲೆ ತರುವ ವೈರಸ್ಸೆಂದು ಅದು ಗೊತ್ತಿರಲಿಲ್ಲ. ಆದರೂ ಕಾರ್ಖಾನೆ ಮುಚ್ಚಿ ತೊಳೆಯಬೇಕಾಯಿತು. ಕೋಶಗಳಿಗೆ ಉಣಿಸಿದ ಪೋಷಕವಸ್ತುವಿನ ಮೇಲೆ ಅನುಮಾನ ಹೋಯಿತು. ಗೌಷೆ ಮತ್ತು ಫ್ಯಾಬ್ರಿ ಎಂಬ ವಿರಳ ಆನುವಂಶಿಕ ಕಾಯಿಲೆಗಳಿಗೆ ಬೇಕಾದ ಕಿಣ್ವ ಅಲ್ಲಿ ತಯಾರಾಗುತ್ತಿತ್ತು. ತಿಂಗಳುಗಟ್ಟಲೆ ರೋಗಿಗಳು ಕಡಿಮೆ ಪ್ರಮಾಣದ ಔಷಧಿಯಲ್ಲಿ ದಿನ ದೂಡಿದರು. ವಾಡಿಕೆಯ ಪರೀಕ್ಷೆಗಳಿಗೆ ಆ ವೈರಸ್ ಸಿಗುತ್ತಿರಲಿಲ್ಲ. ಅದಕ್ಕೆಂದೇ ಬೇರೆ ಪರೀಕ್ಷೆ ಬೇಕಾಯಿತು.

ಈ ಇತಿಹಾಸದುದ್ದಕ್ಕೂ ಒಂದು ಮಾತು ನಿಜ. ಶುದ್ಧ ಎಂಬ ಚೀಟಿಯ ಅರ್ಥ, ನಾವು ಹುಡುಕಿದ್ದು ಸಿಗಲಿಲ್ಲ ಎಂದಷ್ಟೇ. ಹಾಗಾಗಿ ಇಂದು ಯಾವ ಒಂದು ಉಪಾಯವನ್ನೂ ಪೂರ್ತಿ ನಂಬುವುದಿಲ್ಲ. ಸೀರಂ ಯಾವ ದೇಶದ್ದೆಂದು ಕೇಳುತ್ತಾರೆ, ಪರೀಕ್ಷಿಸುತ್ತಾರೆ, ಸೋಸುತ್ತಾರೆ, ಕಿರಣಕ್ಕೆ ಒಡ್ಡುತ್ತಾರೆ. ಒಂದು ಜರಡಿ ಬಿಟ್ಟದ್ದನ್ನು ಇನ್ನೊಂದು ಹಿಡಿಯಲಿ ಎಂಬ ಲೆಕ್ಕ. ಇನ್ನು ಕೆಲವರು ಸೀರಮ್ಮನ್ನೇ ಬಿಟ್ಟಿದ್ದಾರೆ. ಔಷಧಿ ತಯಾರಿಸುವ ಅನೇಕ ಕೋಶಗಳು ಈಗ ಸೀರಂ ಇಲ್ಲದ ದ್ರವದಲ್ಲೇ ಬೆಳೆಯುತ್ತವೆ. ಆದರೆ ಎಷ್ಟೋ ಸಂಶೋಧನಾಲಯಗಳ ಫ್ರೀಜರುಗಳಲ್ಲಿ ಆ ಹೊನ್ನಿನ ಬಣ್ಣದ ಸೀಸೆಗಳು ಇಂದಿಗೂ ಇವೆ.