ಚಿಲಿಯ ಕದನ, ಚಿಲಿಯ ನೆನಪು

ಸಾಕ್ಷ್ಯಚಿತ್ರವೆಂದೊಡನೆ ನಮ್ಮಲ್ಲಿ ಅನೇಕರ ಕಣ್ಣಮುಂದೆ ಬರುವುದು ಚಿತ್ರಮಂದಿರಗಳಲ್ಲಿ ಮುಖ್ಯಚಿತ್ರಕ್ಕೆ ಮುಂಚೆ ತೋರಿಸುತ್ತಿದ್ದ ಸರ್ಕಾರಿ ವಾರ್ತಾಚಿತ್ರಗಳು: ಅಣೆಕಟ್ಟು, ಪ್ರವಾಹ, ಉದ್ಘಾಟನೆ. ಅದೇ ಕಲೆ ಒಂದು ನಾಡಿನ ನೆನಪನ್ನು ಹೊತ್ತುಕೊಂಡು ದೇಶಾಂತರ ಹೋಗಿ ಉಳಿದದ್ದೂ ಉಂಟು. ದಕ್ಷಿಣ ಅಮೆರಿಕದ ಚಿಲಿ ದೇಶದ ಪತ್ರಿಸಿಯೊ ಗುಸ್ಮಾನ್ ಅವರ ಚಿತ್ರಗಳ ಕಥೆ ಅಂಥದು.

1970ರಲ್ಲಿ ಸಮಾಜವಾದಿ ಸಾಲ್ವದೋರ್ ಅಯೆಂದೆ ಚುನಾವಣೆಯ ಮೂಲಕವೇ ಚಿಲಿಯ ಅಧ್ಯಕ್ಷರಾದರು. ಮುಂದೆ ಅವರ ಸರ್ಕಾರ ಇಕ್ಕಟ್ಟಿಗೆ ಸಿಲುಕಿದ ದಿನಗಳನ್ನು ಚಿತ್ರಿಸಬೇಕೆಂದು ಗುಸ್ಮಾನ್ ಹೊರಟಾಗ ದೇಶದಲ್ಲಿ ಕಚ್ಚಾ ಫಿಲ್ಮೇ ದೊರೆಯುತ್ತಿರಲಿಲ್ಲ. ಫ್ರಾನ್ಸಿನ ನಿರ್ದೇಶಕ ಕ್ರಿಸ್ ಮಾರ್ಕರ್ ಅದನ್ನು ಕಳುಹಿಸಿಕೊಟ್ಟರು. ಎಣಿಕೆಯ ಸುರುಳಿಗಳು, ಹೀಗಾಗಿ ಆ ಸಣ್ಣ ತಂಡ ಏನನ್ನು ಹಿಡಿಯಬೇಕು, ಏನನ್ನು ಬಿಡಬೇಕು ಎಂದು ಚರ್ಚಿಸಿಯೇ ಬೀದಿಗಿಳಿಯುತ್ತಿತ್ತು. ಚಿತ್ರದ ಸಂಯಮಕ್ಕೆ ಈ ಬಡತನವೂ ಒಂದು ಕಾರಣವಿರಬೇಕು.

'ಚಿಲಿಯ ಕದನ' ಎಂಬ ಆ ಚಿತ್ರದ ಮೊದಲ ಭಾಗ ಮುಗಿಯುವುದು 1973ರ ಜೂನ್ 29ರ ವಿಫಲ ದಂಗೆಯಲ್ಲಿ. ಸಾಂತಿಯಾಗೋ ನಗರದ ಬೀದಿಯಲ್ಲಿ ಸೈನಿಕನೊಬ್ಬ ನೇರವಾಗಿ ಕ್ಯಾಮೆರಾಕ್ಕೇ ಗುರಿಯಿಡುತ್ತಾನೆ, ಗುಂಡು ಹಾರುತ್ತದೆ, ಬಿಂಬ ಓಲಾಡಿ ಕುಸಿಯುತ್ತದೆ. ಹೀಗೆ ತನ್ನ ಸಾವನ್ನು ತಾನೇ ಚಿತ್ರಿಸಿದವರು ಅರ್ಜೆಂಟೀನಾದ ಛಾಯಾಗ್ರಾಹಕ ಲಿಯೊನಾರ್ದೊ ಹೆನ್ರಿಕ್ಸೆನ್. ನೋಡುವವನು ಒಂದು ಕ್ಷಣ ಆ ಕೊಲೆಯಾದವನ ಕಣ್ಣಿನೊಳಗೇ ಇರುತ್ತಾನೆ. ಯಾವ ಕಥಾಚಿತ್ರವೂ ಇದನ್ನು ಕಲ್ಪಿಸಲಾರದು; ಕಲ್ಪಿಸಿದ್ದರೆ ಅತಿಯಾಯಿತೆನ್ನುತ್ತಿದ್ದೆವು.

ಅದೇ ವರ್ಷ ಸೆಪ್ಟೆಂಬರ್ 11ರಂದು ಸೈನ್ಯ ಅಧ್ಯಕ್ಷರ ಅರಮನೆಯ ಮೇಲೆ ಬಾಂಬು ಸುರಿಸಿತು. ಅಯೆಂದೆ ಅಂದೇ ಮೃತರಾದರು. ಅಧಿಕಾರ ಜನರಲ್ ಪಿನೊಶೆಯ ಪಾಲಾಯಿತು. ಸೆರೆಮನೆಯಾಗಿ ಮಾರ್ಪಟ್ಟಿದ್ದ ರಾಷ್ಟ್ರೀಯ ಕ್ರೀಡಾಂಗಣದಲ್ಲಿ ಗುಸ್ಮಾನ್ ಸುಮಾರು ಎರಡು ವಾರ ಬಂದಿಯಾಗಿದ್ದರು. ಬಂಧುವೊಬ್ಬರ ಮನೆಯಲ್ಲಿ ಅಡಗಿಸಿಟ್ಟಿದ್ದ ಸುರುಳಿಗಳು ಸ್ವೀಡನ್ನಿನ ರಾಯಭಾರ ಕಚೇರಿಯ ನೆರವಿನಿಂದ ಹಡಗು ಹತ್ತಿದವು. ಕ್ಯೂಬಾದಲ್ಲಿ ಸಂಕಲನವಾಗಿ 1975, 1976 ಮತ್ತು 1979ರಲ್ಲಿ ಮೂರು ಭಾಗಗಳು ಹೊರಬಂದವು. ಆದರೆ ಅವುಗಳ ಛಾಯಾಗ್ರಾಹಕ ಹೋರ್ಹೆ ಮುಲ್ಲರ್ ಅವರನ್ನು 1974ರ ನವೆಂಬರಿನಲ್ಲಿ ಗುಪ್ತ ಪೊಲೀಸರು ಹಿಡಿದೊಯ್ದರು. ಅವರು ಮತ್ತೆ ಮರಳಲಿಲ್ಲ. ಚಿತ್ರ ಅವರಿಗೆ ಅರ್ಪಿತವಾಗಿದೆ.

ಮೂರನೆಯ ಭಾಗ ಕಾಲದಲ್ಲಿ ಹಿಂದಕ್ಕೆ ಸರಿದು, ಕಾರ್ಖಾನೆಗಳನ್ನು ತಾವೇ ನಡೆಸುತ್ತಿದ್ದ ಕಾರ್ಮಿಕರನ್ನು ತೋರಿಸುತ್ತದೆ. ಸೋಲಿನ ನಂತರ ಆಸೆಯನ್ನಿಟ್ಟ ಈ ಕ್ರಮ ಚರಿತ್ರಕಾರನದಲ್ಲ, ಶೋಕಿಸುವವನದು. ಅಲ್ಲಿ ನಿರೂಪಣೆಯ ಪಕ್ಷಪಾತ ಸ್ಪಷ್ಟ. ಅದನ್ನು ಮುಚ್ಚಿಡುವ ಯತ್ನವೂ ಇಲ್ಲ.

ಆದರೂ ಅವರ ಚಿತ್ರಗಳಲ್ಲಿ ನನಗೆ ಹೆಚ್ಚು ಪ್ರಿಯವಾದದ್ದು 2010ರ 'ಬೆಳಕಿಗಾಗಿ ಹಂಬಲ'. ಅತಕಾಮ ಮರುಭೂಮಿಯಲ್ಲಿ ಖಗೋಳಜ್ಞರು ದೂರದರ್ಶಕದಿಂದ ನಕ್ಷತ್ರಗಳ ಹಳೆಯ ಬೆಳಕನ್ನು ನೋಡುತ್ತಾರೆ. ಅದೇ ಮರಳಿನಲ್ಲಿ ವೃದ್ಧೆಯರು ಸಣ್ಣ ಸಲಿಕೆ ಹಿಡಿದು, ಕಾಣೆಯಾದ ತಮ್ಮವರ ಎಲುಬಿನ ಚೂರುಗಳನ್ನು ಹುಡುಕುತ್ತಾರೆ. ಇಲ್ಲಿ ಘೋಷಣೆಯಿಲ್ಲ, ಧಾವಂತವಿಲ್ಲ.

1997ರಲ್ಲಿ ಗುಸ್ಮಾನ್ ಹಳೆಯ ಚಿತ್ರವನ್ನು ಸಾಂತಿಯಾಗೋದ ವಿದ್ಯಾರ್ಥಿಗಳ ಗುಂಪುಗಳಿಗೆ ತೋರಿಸಿ, ಅವರ ವಾದ, ಮೌನ, ಅಳುವನ್ನೇ ಇನ್ನೊಂದು ಚಿತ್ರವಾಗಿಸಿದ್ದರು. ಚಿಲಿಯ ಜನ 'ಚಿಲಿಯ ಕದನ'ವನ್ನು ಮನೆಯ ಟೆಲಿವಿಷನ್ನಿನಲ್ಲಿ ನೋಡಿದ್ದು 2021ರ ಸೆಪ್ಟೆಂಬರಿನಲ್ಲಿ. ಮೊದಲ ಭಾಗ ಹೊರಬಂದು ಆಗ 46 ವರ್ಷಗಳಾಗಿದ್ದವು.